ಘಟಕ್ಕೆ ಕುಳಿತ ಮೋರೆಲ್‌ಬಾಯಿ

ಅಕ್ಟೋಬರ್ 2, 2024. ಬುಧವಾರ, ಅಮಾವಾಸ್ಯೆ. ಹುಮನಾಬಾದ

ಇವತ್ತಿನದನ್ನು ಶಾಯಿಯಲ್ಲೇ ಬರೆಯುತ್ತೇನೆ. ಪೆನ್ಸಿಲ್ಲಿನ ಯೋಗ್ಯತೆಯ ದಿನ ಅಲ್ಲ ಇದು. ಪುದುಚೇರಿಯಿಂದ ಫೋನು ಬಂದಿತ್ತು. ಯಾರಿಗೆ? ದುಬಲಗುಂಡಿ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ತನಕ ಓದಿ, ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟ ಈ ಸಂಗಪ್ಪನಿಗೆ!

"ಫ್ರೆಂಚ್ ಪದಕಗಳ ಸಂಗಪ್ಪನವರು ತಾವೇ ಏನು?" ಅಂದರು. ಕಲಬುರಗಿ ಬ್ಯಾಂಕಿನಲ್ಲಿ ಹತ್ತು ವರ್ಷ ಇದ್ದವರಂತೆ, ಕನ್ನಡ ಪಾಠದ ಪುಸ್ತಕದಂತೆ ಮಾತಾಡುತ್ತಾರೆ.

"ಹೈದರಾಬಾದಿನಿಂದ ಸೋಲಾಪುರ ತನಕ ಅಂಥಾವ ಒಬ್ಬನ ಇರೋದ್ರಿ. ಅವನ ಮಾತಾಡಾಕತ್ತಾನ," ಅಂದೆ.

ಡಿಸೆಂಬರಿನಲ್ಲಿ ಅವರ ಊರಿನಲ್ಲಿ ಪ್ರದರ್ಶನ ಇದೆ. ನನ್ನ ಮೋರೆಲ್‌ಬಾಯಿ ಪದಕಗಳ ಜೋಡಿಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಚೀಟಿ, ಚೀಟಿಯ ಮೇಲೆ ಅಚ್ಚಿನಲ್ಲಿ ನನ್ನ ಹೆಸರು. ಹತ್ತನೇ ತಾರೀಖು ಬೀದರಕ್ಕೆ ಹೋಗುವ ದಾರಿಯಲ್ಲಿ ನೋಡಲು ಬರುತ್ತಾರೆ. ಜೋಡಿ ಇರಬೇಕು, ಒಂಟಿ ಆದರೆ ಇಲ್ಲ.

ನನ್ನ ಹತ್ತಿರ ನಲವತ್ತೊಂದು ಪದಕಗಳಿವೆ. ಯುದ್ಧದವು ಇವೆ, ಅಂಚೆಯವರವು ಇವೆ, ಎಂಜಿನ್ ಚಿತ್ರ ಇರುವ ರೈಲ್ವೆಯದು ಇದೆ, ಬಹಳ ಮಕ್ಕಳನ್ನು ಹೆತ್ತ ತಾಯಂದಿರಿಗೆ ಕೊಟ್ಟದ್ದೂ ಇದೆ. (ನನ್ನ ಹೆಂಡತಿ ಗಯಾಬಾಯಿ ಅದನ್ನು ನೋಡಿ, "ಪದಕ ಕೊಡೂದು ಬಿಟ್ಟು ಒಂದ್ ತೊಟ್ಟಲಾ ಕೊಡಬೇಕಾಗಿತ್ತು" ಅಂದಳು.) ಆದರೆ ರಾಜ ಅಂದರೆ ಮೋರೆಲ್‌ಬಾಯಿ ಜೋಡಿ. ಒಂದೇ ಕಾರಖಾನೆಯಲ್ಲಿ ಮೂವತ್ತು ವರ್ಷ ದುಡಿದವರಿಗೆ ಅಲ್ಲಿಯ ಸರಕಾರ ಬೆಳ್ಳಿ ಪದಕ ಕೊಡುತ್ತಿತ್ತು. ಮುಂದೆ ಇನ್ನೂ ದುಡಿದರೆ ಚಿನ್ನದ ನೀರು ಕುಡಿಸಿದ್ದು. ಮುಂಭಾಗದಲ್ಲಿ ಕಿರೀಟದ ಹೆಂಗಸು, ಸುತ್ತ ಅಕ್ಷರ, ಹಿಂದೆ ದುಡಿದವಳ ಹೆಸರು: Vve Morel. ಬೆಳ್ಳಿಯದು ಬಸವಕಲ್ಯಾಣದ ಗುಜರಿ ಮುಜಾಫರನ ತಾಮ್ರದ ರಾಶಿಯಲ್ಲಿ ಸಿಕ್ಕಿತ್ತು. ಎಂಟು ವರ್ಷದ ಮೇಲೆ ಪುಣೆಯಿಂದ ಅಂಚೆಯಲ್ಲಿ ಬಂದ ಲಕೋಟೆ ಒಡೆದರೆ ಅದೇ ಹೆಸರು, ಚಿನ್ನದ ನೀರಿನದು! ಆ ದಿನ ನಾನು ಅಂಗಡಿಯ ಎಲ್ಲಾ ಗಡಿಯಾರಗಳಿಗೂ ಒಟ್ಟಿಗೆ ಅಲಾರಾಂ ಇಟ್ಟು ಬಾರಿಸಿದೆ.

ಇನ್ನೊಂದು ಕೆಲಸವೂ ಮುಗಿಯಿತು. ಬೆಳ್ಳಿಯ ಮೋರೆಲ್‌ಬಾಯಿಗೆ ಮುರಿದಿದ್ದ ಕೊಂಡಿಯನ್ನು ಪತ್ತಾರ ಓಂಪ್ರಕಾಶ ಬೆಸೆದು ಕೊಟ್ಟ. ಅಕ್ಕನ ಮನೆಯ ಭವಾನಿ ಟಾಕನ್ನೂ ಮೆರುಗಿಗೆಂದು ಅವನಲ್ಲೇ ಕೊಟ್ಟಿದ್ದೆ. ಟಾಕು ಅಂದರೆ ದೇವರ ರೂಪ ಒತ್ತಿದ, ರೂಪಾಯಿ ಅಗಲದ ಬೆಳ್ಳಿ ಬಿಲ್ಲೆ. ಮೂರು ತಲೆಮಾರಿನ ಅಭಿಷೇಕಕ್ಕೆ ದೇವಿಯ ಮೂಗು ಕೂಡ ಸವೆದು ಹೋಗಿದೆ. ನಾಳೆ ನವರಾತ್ರಿ ಘಟ ಹಾಕಬೇಕೆಂದು ಅಕ್ಕ ಬಸವಕಲ್ಯಾಣ ಬಸ್ ನಿಲ್ದಾಣದಲ್ಲೇ ಕಾದು ನಿಂತಿದ್ದಳು. ಪತ್ತಾರ ಕೊಟ್ಟ ಎರಡು ಗುಲಾಬಿ ಕಾಗದದ ಪೊಟ್ಟಣಗಳಲ್ಲಿ ಅವಳದನ್ನು ಕೈಗಿಟ್ಟು ಅದೇ ಬಸ್ಸಿಗೆ ತಿರುಗಿ ಬಂದೆ. "ಮನಿಗಿ ಬಾರೋ, ಒಂದ್ ಕಪ್ ಚಾ ಕುಡದು ಹೋಗು" ಅಂದಳು. ಪುದುಚೇರಿಯವರ ಜೊತೆ ವ್ಯವಹಾರ ಇರುವ ಮನುಷ್ಯ, ಚಹಕ್ಕೆ ವೇಳೆ ಎಲ್ಲಿ?

ಅಕ್ಟೋಬರ್ 3, ಗುರುವಾರ

ಬೆಸೆದ ಪದಕವನ್ನು ಒಂದು ದಿನ ಮುಟ್ಟಬಾರದೆಂಬುದು ನನ್ನದೇ ನಿಯಮ. ಮಧ್ಯಾಹ್ನ ನಿಯಮ ತೀರಿತು. ನನ್ನ ಪೊಟ್ಟಣ ಬಿಚ್ಚಿದೆ.

ಒಳಗೆ ಮೂಗಿಲ್ಲದ ಭವಾನಿ ಕೂತಿದ್ದಳು.

ಓಂಪ್ರಕಾಶನ ಹತ್ತಿರ ಓಡಿದೆ. "ಯಾವ ಪೊಟ್ಟಣದಾಗ ಏನಿಟ್ಟಿ ಅಂತ ಬರೀಬಾರದೇನಲೇ?"

"ಎರಡೂ ದೇವರು ಅಂತ ತಿಳಕೊಂಡೆರಿ ಕಾಕಾ. ಎರಡನ್ನೂ ರೀಠಾಕಾಯಿ ನೀರಾಗ ತಿಕ್ಕಿ ಬೆಳಗೀನಿ."

"ತಿಕ್ಕಿದಿ? ಹಳೇ ಪದಕಾ ತಿಕ್ಕಬಾರದಂತ ಹೇಳಿದ್ದಿಲ್ಲೇನು?"

"ದೇವಿನ ಕರಿ ಮಾರಿಲೇ ಕೊಡಲೇನ್ರಿ ಹಂಗಾದ್ರ?"

ಸಂಜೆಯ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋದೆ. ದೇವರ ಜಗಲಿಯ ಮೇಲೆ ಹೊಲದ ಮಣ್ಣು ಹಾಸಿದೆ, ಮಣ್ಣಿನಲ್ಲಿ ಗೋಧಿ ಬಿತ್ತಿದೆ, ನಡುವೆ ಘಟ, ಮುಂದೆ ಐದು ವೀಳ್ಯದೆಲೆಗಳ ಮೇಲೆ ಐದು ದೇವರು. ಮಧ್ಯದ ಎಲೆಯ ಮೇಲೆ ಫ್ರಾನ್ಸ್ ದೇಶದ ಮೋರೆಲ್‌ಬಾಯಿ, ಅರಿಶಿನ ಕುಂಕುಮ ಹಚ್ಚಿಕೊಂಡು, ಕೊಂಡಿಯಲ್ಲಿ ಒಂದು ಚೆಂಡುಹೂವು ಸಿಗಿಸಿಕೊಂಡು!

ಅಕ್ಕ ಶಕುಂತಲಾಬಾಯಿಗೆ ಒಂದು ಕಣ್ಣಿನ ಪೊರೆ ತೆಗೆದಿದೆ, ಇನ್ನೊಂದರದು ಬಾಕಿ ಇದೆ. ಕಣ್ತುಂಬ ನೀರು ತಂದುಕೊಂಡು ಅಂದಳು: "ಎಷ್ಟ್ ಚಂದ ಮಾಡಿಸಿದ್ಯೋ ಸಂಗ್ಯಾ. ನಮ್ಮತ್ತಿ ಕಾಲದಾಗೂ ಆಕಿ ಮಾರಿ ಇಷ್ಟು ಸ್ವಚ್ಛ ಕಂಡಿದ್ದಿಲ್ಲ. ಅಂಚಿಗಿ ಬಳ್ಳಿನೂ ಹಾಕಿಸಿದ್ದಿ. ಹೂ ಸಿಗಸಾಕ ಕೊಂಡಿ ಬ್ಯಾರೆ!"

ನಿಜ ಹೇಳಬೇಕೆಂದು ಬಾಯಿ ತೆರೆದೆ. "ಪತ್ತಾರಗ ನಾನ ಎದುರಿಗೆ ಕುಂತು ಹೇಳಿ ಮಾಡಿಸೀನಿ" ಅಂತ ಬಂತು.

ಅಕ್ಟೋಬರ್ 4, ಶುಕ್ರವಾರ

ಉಪಾಯ ಒಂದು. ಭವಾನಿಯನ್ನು ಬನಿಯನ್ನಿನ ಜೇಬಿನಲ್ಲಿಟ್ಟುಕೊಂಡು ಹೋದೆ. "ಅಕ್ಕಾ, ಪತ್ತಾರ ತೂಕ ಮಾಡೂದು ಮರತಾನಂತ. ಒಂದ್ ತಾಸಿಗೆ ಕೊಡು."

"ಘಟಕ್ಕ ಕುಂತ ದೇವಿನ ಎಬ್ಬಸ್ತೀಯೇನೋ, ಬುದ್ಧಿಗೇಡಿ! ದಸರಾಕ್ಕ ಏಳತಾಳ. ಅಲ್ಲೀತನಕಾ ಯಾರೂ ಬೆರಳ ಹಚ್ಚಂಗಿಲ್ಲ."

ನನಗೆ ಗೊತ್ತಿಲ್ಲದ್ದೇನಲ್ಲ. ಒಂಬತ್ತು ದಿನ ದೇವರನ್ನು ಅಲುಗಿಸುವಂತಿಲ್ಲ, ತೊಳೆಯುವಂತಿಲ್ಲ, ಹೂವಿನಿಂದ ನೀರು ಚಿಮುಕಿಸಬೇಕು ಅಷ್ಟೇ. ದೀಪ ಆರುವಂತಿಲ್ಲ. ಮನೆಯ ಹಿರಿಯಳು ಒಪ್ಪತ್ತು ಉಂಡು ಕಾಯಬೇಕು. ಈಗ ಹೇಳಿದರೆ ಅವಳ ವ್ರತ ಮುರಿದಂತೆ. ಹೇಳದಿದ್ದರೆ ನನ್ನ ಜೋಡಿ ಮುರಿದಂತೆ. ದಸರೆ ಹನ್ನೆರಡಕ್ಕೆ, ಪುದುಚೇರಿಯವರು ಹತ್ತಕ್ಕೆ.

ಅಕ್ಕನ ಸೊಸೆ ಸೋನಾಲಿ ಬಿ.ಎ. ಓದಿದವಳು. ಅವಳ ಗಂಡ, ನನ್ನ ಅಳಿಯ ಅಶೋಕಕುಮಾರ, ಲಾರಿ ಮೇಲೆ ಗುಜರಾತಿಗೆ ಹೋಗಿದ್ದಾನೆ. ಅವಳು ಜಗಲಿ ಕಡೆ ಬಗ್ಗಿ, "ಮಾಮಾ, ದೇವಿ ಸುತ್ತ ಇಂಗ್ಲಿಷ್ ಅಕ್ಷರ ಕಂಡಂಗ ಆಗತದಲ್ರಿ?" ಅಂದಳು.

"ಅದು ಮೋಡಿ ಲಿಪಿ ಅದವಾ. ಪೇಶವೇರ ಕಾಲದ ಮರಾಠಿ. ನಿಮ್ಮ ಕಾಲೇಜಿನಾಗ ಕಲಸಂಗಿಲ್ಲ."

ಒಂಬತ್ತನೇ ಇಯತ್ತೆ ಬಿ.ಎ.ಯನ್ನು ಹೊಡೆದ ದಿನ!

ಅಕ್ಟೋಬರ್ 5, ಶನಿವಾರ

ಉಪಾಯ ಎರಡು, ಇಲಿ. "ಅಕ್ಕಾ, ಜಗಲಿ ಹಿಂದ ಹೆಗ್ಗಣ ನೋಡಿದೆ. ಬೆಳ್ಳಿ ಸಾಮಾನ ಕಪಾಟಿನಾಗ ಇಟ್ಟರ ಛಲೋ" ಅಂದೆ. ಅಕ್ಕ ಗಾಬರಿಯಾಗಿ ಚಾಪೆ ಹಾಸಿ ನನ್ನನ್ನೇ ಜಗಲಿ ಮುಂದೆ ಕಾವಲಿಗೆ ಕೂರಿಸಿದಳು. ತಾನು ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದಳು.

ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೋರೆಲ್‌ಬಾಯಿ ಒಂದು ಕೈ ದೂರ. ಜೇಬಿನಿಂದ ಭವಾನಿಯನ್ನು ತೆಗೆದೆ, ಇನ್ನೊಂದು ಕೈ ಚಾಚಿದೆ. ಅಷ್ಟರಲ್ಲಿ ಅಕ್ಕ ನಿದ್ದೆಗಣ್ಣಿನಲ್ಲೇ, "ಸಂಗ್ಯಾ, ಎಣ್ಣಿ ನೋಡಪಾ" ಅಂದಳು. ದೀಪದಲ್ಲಿ ನಿಜವಾಗಿಯೂ ಎಣ್ಣೆ ತಳ ಕಂಡಿತ್ತು. ಚಾಚಿದ ಕೈಯಲ್ಲಿ ಎಣ್ಣೆ ಹಾಕಿದೆ. ಬತ್ತಿ ಸರಿ ಮಾಡಿದೆ. ಮಾಡಿದವನು ಮತ್ತೆ ಪದಕಕ್ಕೆ ಕೈ ಹಾಕುವುದನ್ನೇ ಮರೆತೆ. ಗೋಧಿ ಮೊಳಕೆ ಒಡೆದದ್ದನ್ನು ನೋಡುತ್ತಾ ಕೂತುಬಿಟ್ಟಿದ್ದೆ. ನನ್ನಂಥ ಚತುರನಿಗೆ ಇದು ಹೇಗಾಯಿತೋ.

ಎರಡು ತಾಸು ಮಲಗಿದಳು. ಎದ್ದು, "ಎಷ್ಟ್ ದಿನದ ಮ್ಯಾಲ ಕಣ್ಣು ಹತ್ತಿತ್ತೋ" ಅಂದಳು.

ಅಕ್ಟೋಬರ್ 7, ಸೋಮವಾರ

ನಗಬೇಕೋ ಅಳಬೇಕೋ ತಿಳಿಯದು. ನಗುತ್ತಿದ್ದೇನೆ.

ಉಪಾಯ ಮೂರು: ಓಂಪ್ರಕಾಶನನ್ನೇ ಕರೆದೊಯ್ದು, ತಪ್ಪು ತನ್ನದೆಂದು ಅವನ ಬಾಯಿಂದಲೇ ಹೇಳಿಸುವುದು. ಬಸ್ಸಿನಲ್ಲಿ ಮೂರು ಸಲ ಬಾಯಿಪಾಠ ಮಾಡಿಸಿದೆ. ಹೋಗಿ ನೋಡಿದರೆ ಅಕ್ಕನ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಜಮಾಯಿಸಿದ್ದಾರೆ.

"ಇವನ ನೋಡ್ರಿ ನಮ್ಮ ದೇವಿಗಿ ಮೂಗು ತಂದ ಪತ್ತಾರ!" ಅಂದಳು ಅಕ್ಕ.

ಎದುರು ಮನೆಯ ದ್ರೌಪತಿ, "ಅಣ್ಣಾ, ನಮ್ಮ ಟಾಕೂ ಸವದದರಿ. ಹಿಂಥಾದ ಮಾರಿ ಮಾಡಿ ಕೊಡ್ರಿ, ಬಳ್ಳಿ ಸಹಿತ" ಅಂದಳು. ಇನ್ನಿಬ್ಬರೂ ಅದೇ ಕೇಳಿದರು. ಓಂಪ್ರಕಾಶ ನನ್ನ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಎರಡು ತಟ್ಟೆ ಸಾಬೂದಾಣಿ ಖಿಚಡಿ ತಿಂದ, ಮೋರೆಲ್‌ಬಾಯಿಗೆ ಅಡ್ಡಬಿದ್ದ.

ಹೊರಗೆ ಬಂದು ಅವನ ಕೊರಳಪಟ್ಟಿ ಹಿಡಿದೆ. "ಹೇಳಲಿಲ್ಲ ಯಾಕಲೇ?"

"ಕಾಕಾ, ಇಪ್ಪತ್ತು ವರ್ಷದಾಗ ನನ್ನ ಕೆಲಸಾ ಯಾರೂ ಹಿಂಗ ಹೊಗಳಿದ್ದಿಲ್ಲರಿ."

"ಅದು ನಿನ್ನ ಕೆಲಸಲ್ಲೋ! ಫ್ರಾನ್ಸ್ ಸರಕಾರದ್ದು!"

"ಬೆಳಗಿದಾಂವ ನಾನಲ್ರಿ?"

ಇತ್ತ ಮನೆಗೆ ಬಂದರೆ ಇನ್ನೊಂದು. ಪದಕದ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ, ಒಬ್ಬ ಸಿಪಾಯಿ ಮತ್ತು ಒಂದು ರೈಲಿನ ನಡುವೆ ಭವಾನಿಯನ್ನು ನಾನು ಮಲಗಿಸಿಟ್ಟದ್ದನ್ನು ಗಯಾಬಾಯಿ ಮೂರನೇ ತಾರೀಖೇ ನೋಡಿದ್ದಾಳೆ. ಅಂದಿನಿಂದ, ನಾನು ಬಸವಕಲ್ಯಾಣದಿಂದ ಬಂದು ಬನಿಯನ್ ಕಳಚಿದ ಕೂಡಲೇ ಜೇಬಿನಿಂದ ತೆಗೆದು, ಎಲೆಯ ಮೇಲೆ ಕೂರಿಸಿ, ಪೂಜೆ ಮಾಡಿ, ಬೆಳಿಗ್ಗೆ ಮತ್ತೆ ಜೇಬಿಗೆ ಇಡುತ್ತಿದ್ದಾಳಂತೆ. "ನಿಮ್ಮ ನಾಟಕ ಎಲ್ಲೀತನಕಾ ಹೋಗತದ ನೋಡೂಣಂತ ಸುಮ್ಮಿದ್ದೆ. ನಾಳಿಯಿಂದ ಈಕಿ ಮನಿ ಬಿಟ್ಟು ಹೋಗಂಗಿಲ್ಲ" ಅಂದಳು.

ಅಕ್ಟೋಬರ್ 8, ಮಂಗಳವಾರ

ಬರಿಗೈಯಲ್ಲಿ ಹೋಗುವುದರಲ್ಲಿ ಅರ್ಥವಿಲ್ಲ. ಆದರೂ ಹೋದೆ, ಅಕ್ಕ ಬಾಳೆಹಣ್ಣು ತರಲು ಹೇಳಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರ್ "ಕಲ್ಯಾಣ" ಎಂದು ಚೀಟಿ ಹರಿದು ಕೊಟ್ಟ.

ಸೋನಾಲಿ ಹಿತ್ತಲಿಗೆ ಕರೆದು ಫೋನು ತೋರಿಸಿದಳು. "ಮಾಮಾ, ನಿಮ್ಮ ಮೋಡಿ ಲಿಪಿ ಫೋನೂ ಓದತದ ನೋಡ್ರಿ. 'ಫ್ರಾನ್ಸ್ ಗಣರಾಜ್ಯ' ಅಂತದ."

ಕೈ ಮುಗಿದೆ. "ಅಕ್ಕಗ ಹೇಳಬ್ಯಾಡವಾ ತಾಯಿ."

"ಹೇಳಂಗಿಲ್ರಿ. ಆದರ ದಿನಾ ಬರಬೇಕು ನೀವು." ಆಮೇಲೆ ಮೆಲ್ಲಗೆ ಅಂದಳು: "ಬ್ಯಾಳಿ ಗಿರಣಿ ಬಂದಾದಾಗಿಂದ ಅತ್ತಿ ಗ್ವಾಡಿಗಿ ಮಾರಿ ಮಾಡಿ ಕುಂಡ್ರತಿದ್ರು. ಮೂವತ್ತೆರಡು ವರ್ಷ ಜರಡಿ ಮುಂದ ನಿಂತವರಿಗಿ ಮನ್ಯಾಗ ಕುಂಡ್ರಾಕ ಬರಂಗಿಲ್ರಿ. ಉಗಾದಿಯಿಂದ ಸರಿಯಾಗಿ ಉಂಡಿಲ್ಲ. ಈಗ ನೋಡ್ರಿ, ಮುಂಜಾನಿಂದ 'ಸಂಗ್ಯಾ ಬರೂ ಹೊತ್ತಾತು' ಅಂತ ನಾಕ ಸಲಾ ಬಾಗಲಿಗಿ ಬಂದ್ರು."

ಗಿರಣಿ ಮುಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ. ಆ ಗಿರಣಿಯ ಪಗಾರದಲ್ಲೇ ನನ್ನ ಎಂಟು ಒಂಬತ್ತನೇ ಇಯತ್ತೆ ಆದದ್ದು. ಭಾವ ತೀರಿಕೊಂಡು ಅಕ್ಕ ಗಿರಣಿ ಸೇರಿದ ಕಾಲ ಅದು. ಇರಲಿ. ಇದು ಪದಕದ ವಿಷಯ ಅಲ್ಲ.

ಅಕ್ಟೋಬರ್ 10, ಗುರುವಾರ

ಪುದುಚೇರಿಯವರು ಬಂದರು. ಬಿಳಿ ಕೈಗವಸು ಹಾಕಿಕೊಂಡು ಒಂದೊಂದು ಪದಕವನ್ನೂ ಅಂಚು ಹಿಡಿದು ಎತ್ತಿ ನೋಡಿದರು. ಗಯಾಬಾಯಿ ಬಾಗಿಲ ಸಂದಿಯಿಂದ, "ನೋಡ್ರಿ, ಹೀಂಗ ಮುಟ್ಟಬೇಕು. ನೀವು ಭಜಿ ತಿಂದ ಕೈಲೇ ಮುಟ್ಟತೀರಿ" ಅಂದಳು.

ಚಿನ್ನದ ನೀರಿನದನ್ನು ತಿರುವಿ ನೋಡಿ ಸಾಹೇಬರ ಮುಖ ದೀಪವಾಯಿತು. "ಇದರ ಬೆಳ್ಳಿ ಎಲ್ಲಿ?"

"ಬಸವಕಲ್ಯಾಣದಾಗ, ಬಾಳ ಭದ್ರ ಜಾಗಾದಾಗದರಿ. ದಿನಾ ಕಾವಲ ಇರತದ."

ಭಾನುವಾರದ ತನಕ ಬೀದರದಲ್ಲಿ ಇರುತ್ತಾರಂತೆ. ಅಷ್ಟರೊಳಗೆ ತಂದು ತೋರಿಸಿದರೆ ಗಾಜಿನ ಪೆಟ್ಟಿಗೆ ನನ್ನದು. ಇಲ್ಲದಿದ್ದರೆ ನಾಗಪುರದ ಇನ್ನೊಬ್ಬರಿಗೆ. ದಸರೆ ಶನಿವಾರ! ಒಂದು ದಿನ ಕೈಯಲ್ಲಿ ಉಳಿಯುತ್ತದೆ! ಕುಣಿಯುವುದೊಂದು ಬಾಕಿ.

ನಾನು ಶಹಾಣ್ಯಾನಂತೆ ಕೇಳಿದೆ: "ಈ ಬಾಯಿ ಹೆಸರಿನ ಮುಂದ Vve ಅಂತ ಅದಲ್ರಿ, ಅಪ್ಪನ ಹೆಸರಿಂದು ಒಂದಕ್ಷರ, ಅಜ್ಜಂದು ಒಂದು, ಊರಿಂದು ಒಂದು, ಹೌದಲ್ರಿ?"

"ಇಲ್ಲ ಸಂಗಪ್ಪನವರೆ. ಅದು ವಿಧವೆ ಎಂಬುದರ ಸಂಕ್ಷೇಪ. ವಿಧವೆ ಮೋರೆಲ್. ಅವಳ ಸ್ವಂತ ಹೆಸರನ್ನು ಯಾರೂ ಕೆತ್ತಿಸಿಲ್ಲ."

ಚಹ ಕುಡಿದು ಹೋದರು.

ಅಕ್ಟೋಬರ್ 11, ಶುಕ್ರವಾರ

ಹೋಗಿ ಬಂದೆ. ದೀಪಕ್ಕೆ ಎಣ್ಣೆ ಹಾಕಿದೆ. ಬೇರೆ ಏನಿಲ್ಲ.

ಅಕ್ಟೋಬರ್ 12, ಶನಿವಾರ. ದಸರೆ

ಗಯಾಬಾಯಿಯೇ ಭವಾನಿಗೆ ಮಡಿ ಬಟ್ಟೆ ಸುತ್ತಿ, ಜೇಬಿಗಿಟ್ಟು, ಗುಂಡಿ ಹಾಕಿ ಕಳಿಸಿದಳು. ಬೆಳಿಗ್ಗೆ ಮೊದಲ ಬಸ್ಸು.

ಘಟ ಏಳುವ ಹೊತ್ತು. ಗೋಧಿ ಸಸಿಗಳು ಗೇಣುದ್ದ ಬೆಳೆದಿದ್ದವು. ಅಕ್ಕ ಐದೂ ದೇವರನ್ನು ತಾಟಿನಲ್ಲಿ ಇಟ್ಟು ನನ್ನ ಕೈಗೆ ಕೊಟ್ಟಳು. "ಒಂಬತ್ತು ದಿನಾ ಕಾದಾಂವ ನೀನು. ಈ ಸಲಾ ನೀನ ತೊಳಕೊಂಡು ಬಾ."

ಹಿತ್ತಲ ನಳದ ಕೆಳಗೆ ನಾನೊಬ್ಬನೇ. ಎಡಗೈಯಲ್ಲಿ ಭವಾನಿ, ಬಲಗೈಯಲ್ಲಿ ಮೋರೆಲ್‌ಬಾಯಿ. ಇದಕ್ಕಿಂತ ಸುಲಭವಾದ ಕಳ್ಳತನವನ್ನು ನಾನು ಬಾಲ್ಯದಲ್ಲೂ ಮಾಡಿಲ್ಲ. ಭವಾನಿಯನ್ನು ತಾಟಿನಲ್ಲಿ ಇಡುವುದು, ಇವಳನ್ನು ಜೇಬಿಗೆ ಇಳಿಸುವುದು, ಮುಗಿಯಿತು. ಹಿಂಬದಿ ತಿರುವಿದೆ. Vve ಎಂಬ ಮೂರು ಅಕ್ಷರಗಳಲ್ಲಿ ಕುಂಕುಮ ತುಂಬಿಕೊಂಡು ಕೆಂಪಗೆ ಕಾಣುತ್ತಿತ್ತು. ನೀರು ಬಿಟ್ಟರೂ ಹೋಗಲಿಲ್ಲ, ಉಜ್ಜಲು ನನಗೆ ಮನಸ್ಸಾಗಲಿಲ್ಲ. ಹಳೆಯ ಪದಕ ಉಜ್ಜಬಾರದು, ಅದು ನಿಯಮ.

ತಾಟು ಒಳಗೆ ತಂದಿಟ್ಟೆ. ಅಕ್ಕ ಬೆರಳಿಟ್ಟು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಸೋನಾಲಿ, ಬಾ ಇಲ್ಲಿ. ಐದು ಕುಂತಿದ್ರು. ಆರು ಎದ್ದಾರ."

ಸೋನಾಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು. ನನ್ನ ಕೈ ತಾನಾಗಿಯೇ ಎರಡನ್ನೂ ಇಟ್ಟಿತ್ತು, ಅದಕ್ಕೆ ನಾನು ಜವಾಬ್ದಾರನಲ್ಲ. "ಒಂಬತ್ತು ದಿನದಾಗ ಮರಿ ಹಾಕಿರಬೇಕಕ್ಕಾ" ಅನ್ನಬೇಕೆಂದಿದ್ದೆ. ಆದರೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಪೊಟ್ಟಣ, ಪತ್ತಾರ, ಹೆಗ್ಗಣ, ಎಲ್ಲ.

ಅಕ್ಕ ಮೂಗಿಲ್ಲದ ಭವಾನಿಯ ಮೇಲೆ ಹೆಬ್ಬೆರಳು ಸವರಿದಳು. ಗುರುತು ಹತ್ತಿತು. "ಅಂದ್ರ ಒಂಬತ್ತು ದಿನಾ ಈಕಿ ಎಲ್ಲಿದ್ಲು?"

"ನಮ್ಮ ಮನ್ಯಾಗ. ಗಯಾಬಾಯಿ ದಿನಾ ಪೂಜಿ ಮಾಡ್ಯಾಳ. ಒಂದ್ ದಿನಾ ತಪ್ಪಿಸಿಲ್ಲ."

"ಹಂಗಾದ್ರ ತವರಿಗಿ ಹೋಗಿದ್ಲು." ಮುಖ ಬಿಗಿದುಕೊಂಡೇ ಇದ್ದಳು. "ನನ್ನ ಕರದು ಎಷ್ಟ್ ವರ್ಷಾತೋ ಸಂಗ್ಯಾ? ನನ್ನ ಬಿಟ್ಟು ದೇವಿನ ಕರಕೊಂಡು ಹೋದಿ. ಶಹಾಣ್ಯಾ ಇದ್ದಿ ಬಿಡು."

ನಾನು ಭವಾನಿಯ ಮಡಿ ಬಟ್ಟೆಯನ್ನು ಮಡಚಿದೆ. ಅದು ಮಡಚಿಯೇ ಇತ್ತು.

ಆಮೇಲೆ ಮೋರೆಲ್‌ಬಾಯಿಯನ್ನು ಬೆಳಕಿಗೆ ಹಿಡಿದಳು. "ಈಕಿ ಯಾವ ದೇವತಿ?"

"ದೇವತಿ ಅಲ್ಲಕ್ಕಾ. ಮುಂದಿರೂದು ಅವರ ದೇಶದ ಗುರುತು. ಹಿಂದ ಬರದದ್ದು ಒಬ್ಬಾಕಿ ಹೆಸರು. ಕಾರಖಾನಿದಾಗ ಮೂವತ್ತು ವರ್ಷ ದುಡದಾಳಂತ ಸರಕಾರ ಕೊಟ್ಟದ್ದು."

"ದುಡದದ್ದಕ್ಕ ಕೊಡತಾರ? ಬೆಳ್ಳಿದು?"

"ಕೊಡತಿದ್ರು."

"ಗಂಡ?"

"ಇದ್ದಿಲ್ಲ."

ನಾನು ಜೇಬಿನ ಗುಂಡಿ ಬಿಚ್ಚಿಟ್ಟುಕೊಂಡು ಕಾದೆ. ಅವಳು ಹೊಸ ವೀಳ್ಯದೆಲೆ ಒಂದನ್ನು ಸೆರಗಿನಿಂದ ಒರೆಸಿ, ಭವಾನಿಯ ಪಕ್ಕ ಹಾಸಿ, ಮೋರೆಲ್‌ಬಾಯಿಯನ್ನು ಅದರ ಮೇಲೆ ಇಟ್ಟಳು.

"ಇಲ್ಲೇ ಕುಂಡ್ರಲಿ ಬಿಡು," ಅಂದಳು. "ಮೂವತ್ತು ವರ್ಷ ನಿಂತಾಳ."

ನಾಳೆಯೇ ಕೊನೆಯ ದಿನ ಎಂದು ಹೇಳಲು ಹೋಗಿ ಹೇಳಲಿಲ್ಲ. ಗೋಧಿ ಸಸಿಯ ಒಂದು ಕಟ್ಟನ್ನು ಅವಳು ನನ್ನ ಟೊಪ್ಪಿಗೆಗೆ ಸಿಗಿಸಿದಳು. ಹೋಳಿಗೆ ಬಡಿಸಿದಳು, ತಾನೂ ನನ್ನೆದುರು ಕೂತು ಉಂಡಳು. ನಾಲ್ಕು ಉಂಡಳು. ನಾನು ಏಳು.

ಅಕ್ಟೋಬರ್ 13, ಭಾನುವಾರ

ಬೀದರಕ್ಕೆ ಫೋನು ಮಾಡಿ, ಬೆಳ್ಳಿಯದು ಬರುವುದಿಲ್ಲ, ಪೆಟ್ಟಿಗೆ ನಾಗಪುರದವರಿಗೆ ಕೊಡಿ ಅಂದೆ. "ಮಾರಿದಿರಾ?" ಅಂದರು ಸಾಹೇಬರು. "ಇಲ್ರಿ, ಕುಂತಾಳ" ಅಂದೆ. ಅವರಿಗೆ ತಿಳಿಯಲಿಲ್ಲ. ಕಲಬುರಗಿಯಲ್ಲಿ ಹತ್ತು ವರ್ಷ ಇದ್ದು ಏನು ಕಲಿತರೋ.

ಪದಕಗಳ ವಹಿಯಲ್ಲಿ ತಿದ್ದಿದ್ದೇನೆ:

ನಂಬರ್ 17. ಮೋರೆಲ್‌ಬಾಯಿ. ಬೆಳ್ಳಿ. ಹಿಂದೆ ಕುಂಕುಮ ಇದೆ, ತೊಳೆಯತಕ್ಕದ್ದಲ್ಲ. ಇರುವ ಜಾಗ: ಬಸವಕಲ್ಯಾಣ, ಅಕ್ಕನ ಜಗಲಿ, ಭವಾನಿಯ ಎಡಕ್ಕೆ.

ನಂಬರ್ 29. ಅವಳದೇ. ಚಿನ್ನದ ನೀರು. ಇರುವ ಜಾಗ: ಹುಮನಾಬಾದ, ನನ್ನ ಪೆಟ್ಟಿಗೆ.

ಇನ್ನು ಜೋಡಿ ನೋಡಬೇಕೆಂದರೆ ನಾನು ಅಲ್ಲಿಗೆ ಹೋಗಬೇಕು, ಇಲ್ಲವೇ ಅಕ್ಕ ಇಲ್ಲಿಗೆ ಬರಬೇಕು. ಸೀಗಿ ಹುಣ್ಣಿಮೆಗೆ ಕರೆಯಲು ನಾಳೆ ಹೊರಟಿದ್ದೇನೆ. ಒಂದು ಮಾತು ಮಾತ್ರ ಶಾಯಿಯಲ್ಲಿ ಬರೆದಿಡುತ್ತೇನೆ: ಫ್ರಾನ್ಸ್ ಸರಕಾರ ಎಷ್ಟೋ ಸಾವಿರ ಪದಕ ಕೊಟ್ಟಿರಬಹುದು, ಆದರೆ ದಿನಾ ನೈವೇದ್ಯ ಉಣ್ಣುವ ಪದಕ ಇರುವುದು ಈ ಸಂಗಪ್ಪನ ಸಂಗ್ರಹದಲ್ಲಿ ಮಾತ್ರ.